ಕೊಲ್ಲುವುದು ಮತ್ತು ಬಿಟ್ಟುಬರುವುದು

ಕೊಂದರೆ ಪಾಪ ಎಂಬುದನ್ನು ನಮ್ಮಲ್ಲಿ ಎಳೆಯ ಮಕ್ಕಳೂ ಬಲ್ಲರು. ಬಿಟ್ಟುಬಂದರೆ ಏನು ಎಂದು ಕೇಳಿದರೆ ಮಾತ್ರ ದೊಡ್ಡವರೂ ಒಂದು ಗಳಿಗೆ ತಡೆಯುತ್ತಾರೆ. ಬೀದಿನಾಯಿಗಳ ವಿಷಯವಾಗಿ ಈಚೆಗೆ ದೇಶದಲ್ಲೆಲ್ಲ ನಡೆದಿರುವ ವಾದಗಳನ್ನು ಓದುತ್ತ ಬಂದಂತೆ, ಅವುಗಳ ಬೇರು ಈ ಎರಡನೆಯ ಪ್ರಶ್ನೆಯಲ್ಲಿಯೇ ಇದೆಯೆಂದು ನನಗೆ ತೋರತೊಡಗಿದೆ.

ವಾದದ ಹಿನ್ನೆಲೆ ವಾಚಕರಿಗೆ ಗೊತ್ತಿದ್ದದ್ದೇ. 2025ರ ಅಗಸ್ಟ 11ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು, ದಿಲ್ಲಿ ಮತ್ತು ಸುತ್ತಣ ನಗರಗಳ ಬೀದಿನಾಯಿಗಳನ್ನು ಹಿಡಿದು ಆಶ್ರಯಗಳಲ್ಲಿ ಇಡಬೇಕು, ಮರಳಿ ಬೀದಿಗೆ ಬಿಡಕೂಡದು ಎಂದು ಆಜ್ಞೆ ಮಾಡಿತು. ಹನ್ನೊಂದು ದಿನ ಕಳೆದು, 22ರಂದು, ಮೂವರ ಪೀಠವು ಅದನ್ನು ತಿದ್ದಿತು: ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿ, ಹುಚ್ಚುನಾಯಿ ರೋಗಕ್ಕೆ ಚುಚ್ಚುಮದ್ದು ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕು, ರೋಗ ತಗಲಿದ ಹಾಗೂ ಮೈಮೇಲೆ ಏರಿಬರುವ ನಾಯಿಗಳನ್ನು ಮಾತ್ರ ಬಿಡಬಾರದು. ನವೆಂಬರ 7ರಂದು ಇನ್ನೊಂದು ಆಜ್ಞೆ ಬಂದಿತು. ಶಾಲೆ, ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೇಲ್ವೆ ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆಯಬೇಕು, ಅಲ್ಲಿಗೇ ಮತ್ತೆ ಬಿಡಬಾರದು ಎಂದು. ನಾಲ್ಕು ತಿಂಗಳೂ ತುಂಬದ ಅವಧಿಯಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠವೇ ಮೂರು ಮಾತು ಆಡಬೇಕಾಯಿತು ಎಂದರೆ, ಪ್ರಶ್ನೆ ಸುಲಭದ್ದಲ್ಲ ಎಂದೇ ಅರ್ಥ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು – ಈ ನಾಲ್ಕು ಊರುಗಳನ್ನು ನಾನು ಚೆನ್ನಾಗಿ ಬಲ್ಲೆ. ಒಂದರ ಸೀಮೆಯಲ್ಲಿ ಹುಟ್ಟಿ, ಇನ್ನೊಂದರಲ್ಲಿ ಪಾಠ ಹೇಳಿ, ಉಳಿದೆರಡಕ್ಕೆ ನೆಂಟಸ್ತನದಿಂದಲೋ ಪರೀಕ್ಷೆಯ ಕೆಲಸದಿಂದಲೋ ಹೋಗಿಬಂದು ಮಾಡುವವನು. ಬೆಳಗಿನ ಮೊದಲ ಬಸ್ಸಿಗೆ ನಿಂತವರಿಗೆ ಈ ಊರುಗಳ ನಾಯಿಗಳ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಚಹದಂಗಡಿಯ ಮುಂದೆ, ಖಾನಾವಳಿಯ ಹಿಂದೆ, ಮಾಂಸದಂಗಡಿಯ ಸಾಲಿನಲ್ಲಿ, ಸಂತೆ ಎದ್ದುಹೋದ ಬಯಲಿನಲ್ಲಿ, ಹೀಗೆ ಮನುಷ್ಯ ಉಂಡು ಬಿಟ್ಟದ್ದು ಎಲ್ಲಿ ಬೀಳುತ್ತದೆಯೋ ಅಲ್ಲೆಲ್ಲ ಅವು ಉಂಟು. ಅವು ಕಾಡಿನಿಂದ ಇಳಿದುಬಂದವಲ್ಲ. ಅವುಗಳ ತಾಯಿಯೋ ಅಜ್ಜಿಯೋ ಒಂದು ಕಾಲಕ್ಕೆ ಯಾರದೋ ಮನೆಯ ಕಟ್ಟೆಯ ಕೆಳಗೆ ಈದವಳು.

ನಮ್ಮ ಕಡೆಯ ರೂಢಿ ಹೀಗೆ. ನಾಯಿ ಈದರೆ ಗಂಡುಮರಿಗೆ ಗಿರಾಕಿ ಉಂಟು. ಹೊಲ ಕಾಯುವುದಕ್ಕೆ, ಕಣ ಕಾಯುವುದಕ್ಕೆ, ಕುರಿಹಟ್ಟಿಗೆ ಎಂದು ಕೇಳಿ ಒಯ್ಯುತ್ತಾರೆ. ಹೆಣ್ಣುಮರಿಯನ್ನು ಕೇಳುವವರಿಲ್ಲ. ಅವು ಕಣ್ಣು ಬಿಟ್ಟು ಓಡಾಡತೊಡಗಿದ ಮೇಲೆ ಒಂದು ಗೋಣಿಚೀಲದಲ್ಲಿ ಕೂತು ಪ್ರಯಾಣ ಮಾಡುತ್ತವೆ. ಬೆಕ್ಕಿನ ಮರಿಗಳ ಕಥೆಯೂ ಬೇರೆಯಲ್ಲ. ಬೆಕ್ಕು ದಾರಿಯನ್ನು ನೆನಪಿಟ್ಟು ತಿರುಗಿ ಬರುತ್ತದೆಂಬ ಭಯದಿಂದ ಅವನ್ನು ಇನ್ನಷ್ಟು ದೂರ, ವರದಾ ಹೊಳೆಯನ್ನು ದಾಟಿಸಿ ಬಿಡುವವರೂ ಇದ್ದಾರೆ. ಹೀಗೆ ಬೀದಿಯ ಪಾಲಾಗುವುದರಲ್ಲಿ ಹೆಚ್ಚಿನವು ಹೆಣ್ಣು. ಬೀದಿಯಲ್ಲಿ ನಾಯಿ ಏಕೆ ಹೆಚ್ಚಿದವು ಎಂದು ಕೇಳುವವರು ಈ ಲೆಕ್ಕವನ್ನು ಸ್ವಲ್ಪ ನೋಡಬೇಕು.

ನಮ್ಮ ಓಣಿಯ ಹಿರಿಯ ಹೆಣ್ಣುಮಗಳೊಬ್ಬಳು ಇಂಥದೊಂದು ಚೀಲವನ್ನು ಸೊಂಟಕ್ಕೆ ಆನಿಸಿಕೊಂಡು ಹೊರಟಿದ್ದಳು. “ಎಲ್ಲಿಗೆ ಹೊಂಟಿ ಯವ್ವಾ?” ಎಂದು ಕೇಳಿದೆ.

“ಸಂತೀ ಬಯಲಾಗ ಬಿಟ್ಟ ಬರ್ತೇನ್ರೀ ಸರ. ನಾಕಕ್ಕ ನಾಕೂ ಹೆಣ್ಣ ಅದಾವು. ಕೊಲ್ಲಾಕ ಮನಸ ಬರಂಗಿಲ್ಲ ನೋಡ್ರಿ, ಕೊಂದ್ರ ಪಾಪ. ಬಿಟ್ಟ ಬಂದ್ರ ಅವುಗಳ ಹಣೇಬಾರ ಅವುಕ್ಕ.”

ಆಕೆಯನ್ನು ಕ್ರೂರಿ ಎನ್ನಲು ನನ್ನ ನಾಲಗೆ ಏಳದು. ಬೆಳಗ್ಗೆ ಒಲೆಯಿಂದಿಳಿದ ರೊಟ್ಟಿಯ ಚೂರನ್ನು ಹೊಸ್ತಿಲಾಚೆಯ ನಾಯಿಗೆ ಹಾಕಿದ ಮೇಲೆಯೇ ಉಳಿದವರಿಗೆ ಬಡಿಸುವವಳು ಆಕೆ. ಆದರೆ ಆ ಮಾತಿನಲ್ಲಿ ನಮ್ಮೆಲ್ಲರ ತರ್ಕವೂ ಅಡಗಿದೆ. ಕನ್ನಡ ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವ ನಾನು ಅದನ್ನು ಹೀಗೆ ಬಿಡಿಸಿಕೊಳ್ಳುತ್ತೇನೆ: ‘ಕೊಂದೆ’ ಎಂಬಲ್ಲಿ ಕರ್ತೃ ನಾನು, ‘ಸತ್ತಿತು’ ಎಂಬಲ್ಲಿ ಕರ್ತೃ ನಾಯಿಯೇ. ಚೀಲದ ಬಾಯಿ ಬಿಚ್ಚಿ ಬಂದುಬಿಟ್ಟರೆ ಮುಂದಿನ ಕೆಲಸವನ್ನು ಹಸಿವು, ಮಳೆ, ಲಾರಿಯ ಗಾಲಿ ಇವು ಮಾಡುತ್ತವೆ. ಬೀದಿಯಲ್ಲಿ ಹುಟ್ಟಿದ, ಬೀದಿಗೆ ಬಿದ್ದ ಮರಿಗಳಲ್ಲಿ ಹೆಚ್ಚಿನವು ವರ್ಷ ತುಂಬುವುದನ್ನು ಕಾಣುವುದಿಲ್ಲ. ಸಾವು ಅಷ್ಟೇ ಆಗುತ್ತದೆ. ವಾಕ್ಯದಿಂದ ನಾವು ಹೊರಗೆ ಬಂದಿರುತ್ತೇವೆ, ಅಷ್ಟೆ.

ನಮ್ಮ ಪೂರ್ವಿಕರು ಈ ತರ್ಕವನ್ನು ಒಪ್ಪಿದ್ದರೇ? ಮಹಾಭಾರತದ ಮೊದಲಿಗೇ ಒಂದು ನಾಯಿ ಬರುತ್ತದೆ. ತಪ್ಪಿಲ್ಲದೆ ಏಟು ತಿಂದ ಮರಿಗಾಗಿ ಅದರ ತಾಯಿ ಸರಮೆ ಬಂದು ಜನಮೇಜಯನನ್ನು ಶಪಿಸುತ್ತಾಳೆ. ಕೊನೆಯಲ್ಲಿ ಇನ್ನೊಂದು ನಾಯಿ. ಅದನ್ನು ಧರ್ಮರಾಯನು ಸಾಕಿದವನಲ್ಲ. ಹಸ್ತಿನಾವತಿಯಿಂದ ತಾನಾಗಿ ಬೆನ್ನು ಹತ್ತಿ ಬಂದದ್ದು. ತಮ್ಮಂದಿರೂ ಹೆಂಡತಿಯೂ ದಾರಿಯಲ್ಲಿ ಬಿದ್ದರು, ನಾಯಿ ಉಳಿಯಿತು. ಅದನ್ನು ಬಿಟ್ಟು ರಥವನ್ನೇರು, ಇದರಲ್ಲಿ ನಿರ್ದಯೆಯೇನೂ ಇಲ್ಲ ಎಂದು ಇಂದ್ರನೇ ಹೇಳಿದಾಗ, ನಂಬಿ ಬಂದವನನ್ನು ತೊರೆಯುವುದು ಬ್ರಹ್ಮಹತ್ಯೆಗೆ ಸಮನೆಂದು ಧರ್ಮರಾಯನು ಉತ್ತರ ಕೊಡುತ್ತಾನೆ. ಗಮನಿಸಬೇಕು: ಅಲ್ಲಿ ಕೊಲ್ಲುವ ಮಾತೇ ಬಂದಿಲ್ಲ. ಬಿಡುವ ಮಾತು ಮಾತ್ರ ಬಂದಿದೆ, ಅದನ್ನು ಆತ ಕೊಲೆಯ ತಕ್ಕಡಿಯಲ್ಲಿಟ್ಟು ತೂಗಿದ್ದಾನೆ. ಕುಮಾರವ್ಯಾಸನು ಗದಾಪರ್ವಕ್ಕೆ ಕಥೆಯನ್ನು ನಿಲ್ಲಿಸಿದ್ದರಿಂದ, ಗಮಕ ಕೇಳಿ ಭಾರತವನ್ನು ಅರಿತ ನಮ್ಮ ಜನಕ್ಕೆ ಈ ನಾಯಿಯ ಬಳಕೆ ಸಾಲದು. ನಷ್ಟವೇ ಸರಿ, ಏಕೆಂದರೆ ಹಾನಗಲ್ಲನ್ನು ವಿರಾಟನ ನಗರವೆಂದೂ, ಪಾಂಡವರು ಅಜ್ಞಾತವಾಸವನ್ನು ಕಳೆದದ್ದು ಇಲ್ಲಿಯೇ ಎಂದೂ ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು.

ನಾಯಿಯ ಗೌರವ ಈ ನಾಡಿಗೆ ಹೊಸದೂ ಅಲ್ಲ. ಹತ್ತನೆಯ ಶತಮಾನದ ಆತಕೂರ ಶಾಸನದಲ್ಲಿ ಮಣಲೇರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ನಮ್ಮ ಹಾವೇರಿ ಜಿಲ್ಲೆಯ ದೇವರಗುಡ್ಡದ ಮೈಲಾರನ ಸೇವೆಗೆ ನಿಂತ ಗೊರವರು ನಾಯಿಯಂತೆ ಬೊಗಳಿ, ದೋಣಿಯಲ್ಲಿಟ್ಟ ಪ್ರಸಾದಕ್ಕೆ ಬಾಯಿ ಹಚ್ಚುತ್ತಾರೆ. ಆದರೆ ಕಾಳಿಗೆ ಹೆಸರಿತ್ತು, ಒಡೆಯನಿದ್ದ. ಗೊರವನೂ ಒಡೆಯನುಳ್ಳ ನಾಯಿಯೇ. ಒಡೆಯನಿಲ್ಲದ ನಾಯಿಯ ಬಗ್ಗೆ ನಮ್ಮ ಸಂಪ್ರದಾಯ ತುತ್ತು ಹಾಕು ಎಂದು ಹೇಳಿತು, ಮುಂದೇನು ಎಂಬುದನ್ನು ಹೇಳಲಿಲ್ಲ.

ಬಿಟ್ಟುಬರುವುದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇಸ್ತಂಬೂಲ ನಗರದ ಕಥೆಯನ್ನು ಹೇಳಬೇಕು. 1910ರಲ್ಲಿ ಅಲ್ಲಿಯ ಆಡಳಿತವು ನಗರವನ್ನು ಯುರೋಪದ ಮಾದರಿಯಲ್ಲಿ ಶುಚಿಗೊಳಿಸಲು ಮನಸ್ಸು ಮಾಡಿತು. ಸಾವಿರಾರು ನಾಯಿಗಳನ್ನು ಹಿಡಿದು, ದೋಣಿಗಳಲ್ಲಿ ತುಂಬಿ, ಮಾರ್ಮರಾ ಸಮುದ್ರದ ಸಿವ್ರಿಯದಾ ಎಂಬ ಬರಡು ದ್ವೀಪದಲ್ಲಿ ಬಿಟ್ಟುಬಂದರು. ಯಾರೂ ಅವುಗಳ ಮೇಲೆ ಕೋಲೆತ್ತಲಿಲ್ಲ. ಅಲ್ಲಿ ಅನ್ನವಿರಲಿಲ್ಲ, ನೀರಿರಲಿಲ್ಲ. ಹಸಿದ ನಾಯಿಗಳು ಒಂದನ್ನೊಂದು ತಿಂದು ಸತ್ತವು. ನಮ್ಮ ಸಂತೆಯ ಬಯಲಿಗೂ ಆ ದ್ವೀಪಕ್ಕೂ ಇರುವ ಅಂತರ ಅಳತೆಯದು ಮಾತ್ರವೇ ಎಂದು ನನಗೆ ಸಂಶಯ.

ಹಾಗಾದರೆ ಕೊಂದುಬಿಡುವುದೇ ಪ್ರಾಮಾಣಿಕವಾದ ದಾರಿಯೇ? ಈ ಪ್ರಶ್ನೆಯನ್ನು ಅಹಿಂಸೆಯ ಪ್ರವರ್ತಕರೇ ಎದುರಿಸಿದ್ದುಂಟು. 1926ರಲ್ಲಿ ಅಹಮದಾಬಾದಿನ ಗಿರಣಿಯ ಒಡೆಯ ಅಂಬಾಲಾಲ ಸಾರಾಭಾಯಿಯವರು ತಮ್ಮ ಆವರಣದಲ್ಲಿ ತಿರುಗುತ್ತಿದ್ದ ಅರುವತ್ತು ನಾಯಿಗಳನ್ನು ಕೊಲ್ಲಿಸಿದರು. ಊರು ಕೆರಳಿತು. ಗಾಂಧೀಜಿಯವರು ಸಾರಾಭಾಯಿಯವರ ಪಕ್ಷ ವಹಿಸಿ ‘ಯಂಗ್ ಇಂಡಿಯಾ’ದಲ್ಲಿ ವಾರವಾರ ಬರೆದರು, ಬೈಗುಳದ ಪತ್ರಗಳನ್ನು ಮೂಟೆಗಟ್ಟಲೆ ಪಡೆದರು. ಅವರ ವಾದದ ತಿರುಳು ಇದು: ಒಡೆಯನಿಲ್ಲದ ನಾಯಿ ಇರುವುದೇ ಸಮಾಜದ ಅಜ್ಞಾನಕ್ಕೂ ಸೋಮಾರಿತನಕ್ಕೂ ಗುರುತು, ಬೀದಿಯ ನಾಯಿಗೆ ತುತ್ತು ಎಸೆದು ಪುಣ್ಯ ಗಳಿಸಿದೆವೆಂದುಕೊಳ್ಳುವುದು ದಯೆಯ ಹೆಸರಿನ ಭ್ರಮೆ, ನಿಜವಾದ ದಯೆಯುಳ್ಳವನು ಅದನ್ನು ಸಾಕಬೇಕು, ಇಲ್ಲವೆ ಸಾಕುವ ವ್ಯವಸ್ಥೆಗೆ ಹಣ ಕೊಡಬೇಕು. ಇಲ್ಲಿಯವರೆಗೆ ನಾನು ಗಾಂಧೀಜಿಯ ಹಿಂದೆ ನಡೆಯಬಲ್ಲೆ. ಅನಿವಾರ್ಯವಾದಲ್ಲಿ ಕೊಲ್ಲುವುದೂ ಕರ್ತವ್ಯ ಎಂಬ ಕಡೆಯ ಹೆಜ್ಜೆಯನ್ನು ಇಂದು ಇಡಲಾರೆ. 1926ರಲ್ಲಿ ಅವರ ಮುಂದೆ ಮೂರನೆಯ ದಾರಿ ಇರಲಿಲ್ಲ. ನಮ್ಮ ಮುಂದೆ ಇದೆ.

ಅದೂ ಅಲ್ಲದೆ, ಕೊಂದು ನೋಡಿದವರು ಗೆದ್ದಿಲ್ಲ. ಮದರಾಸಿನ ಕಾರ್ಪೊರೇಶನ್ನು ಒಂದು ಶತಮಾನಕ್ಕೂ ಮಿಕ್ಕಿ ನಾಯಿಗಳನ್ನು ಕೊಂದಿತು, ನಾಯಿಗಳು ಕಡಿಮೆಯಾಗಲಿಲ್ಲ. 1964ರಿಂದ ಬ್ಲೂ ಕ್ರಾಸ್ ಸಂಸ್ಥೆ ಹೇಳುತ್ತ ಬಂದ ಶಸ್ತ್ರಕ್ರಿಯೆಯ ಮಾರ್ಗವನ್ನು ಅದು ಒಪ್ಪಿಕೊಂಡದ್ದು 1996ರಲ್ಲಿ. ಕಾರಣ ಸರಳ. ನಾಯಿಯನ್ನು ತೆಗೆದರೂ ಕಸದ ಕುಪ್ಪೆ ಅಲ್ಲಿಯೇ ಇರುತ್ತದೆ. ಖಾಲಿಯಾದ ಜಾಗಕ್ಕೆ ಪಕ್ಕದ ಓಣಿಯ ನಾಯಿ ಬಂದು, ಈದು, ನೆಲೆಸುತ್ತದೆ. ಶಸ್ತ್ರಕ್ರಿಯೆಯಾದ, ಚುಚ್ಚುಮದ್ದು ಬಿದ್ದ, ಕಿವಿಯ ತುದಿಗೆ ಗುರುತು ಮಾಡಿದ ನಾಯಿ ತನ್ನ ಜಾಗದಲ್ಲಿಯೇ ಇದ್ದರೆ ಹೊಸದನ್ನು ಸುಲಭವಾಗಿ ಒಳಗೆ ಬಿಡದು. 2001ರ ನಿಯಮಗಳೂ, ಅವುಗಳ ಬದಲಿಗೆ ಬಂದ 2023ರ ನಿಯಮಗಳೂ ನಿಂತಿರುವುದು ಈ ಅನುಭವದ ಮೇಲೆ.

ನನ್ನ ಸಹೋದ್ಯೋಗಿಯೊಬ್ಬರು ಇದಕ್ಕೂ ಆಕ್ಷೇಪ ಎತ್ತಿದರು. ಮೂಕಪ್ರಾಣಿಯ ಸಂತಾನವನ್ನು ಕಡಿಯುವ ಹಕ್ಕು ನಮಗೆ ಯಾರು ಕೊಟ್ಟರು? ಅದೂ ಹಿಂಸೆಯಲ್ಲವೆ? ಆಕ್ಷೇಪವನ್ನು ನಕ್ಕು ತಳ್ಳಲಾಗದು. ಬೆದೆ, ಬಸಿರು, ಬಾಣಂತನ ಇವೆಲ್ಲ ಆ ಜೀವಕ್ಕೆ ಸೇರಿದವು. ಅವನ್ನು ನಾವು ಕಸಿಯುತ್ತೇವೆ. ಆದರೆ ಹೋರಿಹಬ್ಬದ ಈ ಸೀಮೆಯಲ್ಲಿ ನಿಂತು ಆ ಪ್ರಶ್ನೆ ಕೇಳುವಾಗ ನನಗೆ ಸ್ವಲ್ಪ ನಗು ಬಂದದ್ದೂ ನಿಜ. ನೇಗಿಲಿಗೆ ಹೂಡುವ ಎತ್ತಿನ ಬೀಜ ಒಡೆಸಿದ್ದು ನಿನ್ನೆ ಮೊನ್ನೆಯ ಮಾತೇ? ಅರಿವಳಿಕೆಯೂ ಇಲ್ಲದೆ, ಕೆಡವಿ, ಕಾಲು ಕಟ್ಟಿ ಮಾಡುತ್ತ ಬಂದ ಆ ಕೆಲಸಕ್ಕೆ ಯಾವ ಧರ್ಮಜಿಜ್ಞಾಸೆಯೂ ಅಡ್ಡ ಬರಲಿಲ್ಲ, ಅದು ನಮ್ಮ ಹೊಲಕ್ಕೆ ಬೇಕಾಗಿತ್ತು. ನಾಯಿಗೆ, ಅದರ ಮುಂದಿನ ಮರಿಗಳ ಉಪವಾಸವನ್ನು ತಪ್ಪಿಸಲು, ಪ್ರಜ್ಞೆ ತಪ್ಪಿಸಿ ಮಾಡುವಾಗ ಮಾತ್ರ ನಮಗೆ ಹಕ್ಕಿನ ಪ್ರಶ್ನೆ ನೆನಪಾಗುತ್ತದೆ.

ಇನ್ನು ಮನುಷ್ಯರ ಮಾತು. ಪಟ್ಟಣದ ಪ್ರಾಣಿಪ್ರಿಯರು ಇದನ್ನು ಬೇಗ ದಾಟಿಬಿಡುತ್ತಾರೆ, ನನಗೆ ಅದು ಹಿಡಿಸದು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಬೀದಿನಾಯಿಗಳ ಸಂಖ್ಯೆ ಹನ್ನೊಂದು ಲಕ್ಷವನ್ನು ದಾಟಿತ್ತು. 2024ರಲ್ಲಿ ನಾಯಿ ಕಚ್ಚಿದ ಪ್ರಕರಣಗಳು ರಾಜ್ಯದಲ್ಲಿ ಮೂರೂವರೆ ಲಕ್ಷವನ್ನು ಮೀರಿದವು. ಹುಚ್ಚುನಾಯಿ ರೋಗ ಒಮ್ಮೆ ಮೈಯಲ್ಲಿ ಕಾಣಿಸಿಕೊಂಡಿತೆಂದರೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪೂರ್ವ. ಲೋಕದಲ್ಲೆಲ್ಲ ಇದಕ್ಕೆ ಬಲಿಯಾಗುವವರಲ್ಲಿ ನೂರಕ್ಕೆ ನಲವತ್ತರಷ್ಟು ಹದಿನೈದು ತುಂಬದ ಮಕ್ಕಳು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಳ್ಳುವ ಕಾಲ ಹೋಯಿತು, ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿತು. ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಕಾಲು ತಾಸು ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿದರೆ ಜೀವ ಉಳಿಯುತ್ತದೆ. ಆದರೆ ಕೂಲಿಕಾರನ ಮಗುವಿಗೆ ನಾಯಿ ಕಚ್ಚಿದರೆ, ಲಸಿಕೆ ಬಿಟ್ಟಿ ಸಿಕ್ಕರೂ, ಹೋದ ಪ್ರತಿ ಸಲವೂ ಒಂದು ದಿನದ ದುಡಿಮೆ ಹೋಗುತ್ತದೆ. ಮೂರನೆಯ ಸಲಕ್ಕೆ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ. ಕಾರಿನಲ್ಲಿ ಓಡಾಡುವವನು ಬಿಟ್ಟ ನಾಯಿ ಕಚ್ಚುವುದು ನಡೆದು ಹೋಗುವವನ ಮಗುವನ್ನು.

ಮೂರನೆಯ ದಾರಿ ಕೈಗೂಡುತ್ತದೆಯೇ ಎಂದು ಕೇಳುವವರು ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ಗೋವೆಯಲ್ಲಿ 2014ರಿಂದ ಮನೆಮನೆಗೆ, ಬೀದಿಬೀದಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದರು. 2021ರಲ್ಲಿ ಅದು ರೋಗ ಹತೋಟಿಗೆ ಬಂದ ಪ್ರದೇಶವೆಂದು ಘೋಷಿತವಾಯಿತು. ಬೌದ್ಧರ ನಾಡಾದ ಭೂತಾನವು 2009ರಲ್ಲಿ ಹಿಡಿದ ಕೆಲಸವನ್ನು 2023ರಲ್ಲಿ ಮುಗಿಸಿ, ದೇಶದ ಬೀದಿನಾಯಿಗಳಿಗೆಲ್ಲ ಶಸ್ತ್ರಕ್ರಿಯೆ ಮತ್ತು ಲಸಿಕೆ ಆಯಿತೆಂದು ಸಾರಿತು. ಹದಿನಾಲ್ಕು ವರ್ಷ! ನಮಗೆ ಹದಿನಾಲ್ಕು ತಿಂಗಳ ತಾಳ್ಮೆಯಿಲ್ಲ. ಒಂದು ವಾರ ನಾಯಿಗಾಡಿ ತಿರುಗುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಮುಗಿಯುತ್ತದೆ.

ನವೆಂಬರದ ಆಜ್ಞೆಯನ್ನು ಓದಿದಾಗ ನನ್ನನ್ನು ಕಾಡಿದ ಭಯ ಇದೇ. ಮಕ್ಕಳು ಆಡುವ ಅಂಗಳದಲ್ಲಿ ನಾಯಿಯ ಹಿಂಡು ಬೇಡ, ನಿಜ. ಆದರೆ ತೆಗೆದ ನಾಯಿಯನ್ನು ಕಡೆಯವರೆಗೆ ಸಾಕುವುದಕ್ಕೆ ನೆರಳು, ನೀರು, ಅನ್ನ, ವೈದ್ಯ, ಕಸ ತೆಗೆಯುವ ಆಳು ಎಲ್ಲ ಬೇಕು. ಚಿಕ್ಕ ಊರಿನ ಬೊಕ್ಕಸ ಇದಕ್ಕೆಲ್ಲ ಸಾಲದಿದ್ದರೆ ಏನಾದೀತು? ಹಿರೇಕೆರೂರಿನ ನಾಯಿ ಒಂದು ರಾತ್ರಿ ಗಾಡಿಯಲ್ಲಿ ರಟ್ಟೀಹಳ್ಳಿಯ ರಸ್ತೆಗೆ, ಅಲ್ಲಿಯದು ಇನ್ನೊಂದು ರಾತ್ರಿ ಇಲ್ಲಿಗೆ. ಮುದುಕಿಯ ಗೋಣಿಚೀಲವೇ ದೊಡ್ಡದಾಗಿ ನಾಲ್ಕು ಗಾಲಿ ಪಡೆದಂತೆ.

ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಹಿಡಿದ ಹಟದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದನ್ನೂ ಹಿಂಸೆಯ ಪಟ್ಟಿಯಲ್ಲಿಯೇ ಸೇರಿಸಿದೆ. ಧರ್ಮರಾಯನ ಮಾತು ಕಾಯಿದೆಯಲ್ಲಿಯೂ ಬಂದಿತೆನ್ನಬಹುದು. ಆದರೆ ಮೊದಲ ಸಲದ ತಪ್ಪಿಗೆ ಅದರಲ್ಲಿ ಬರೆದ ದಂಡ ಐವತ್ತು ರೂಪಾಯಿ ಮೀರದು. ದಂಡಕ್ಕಿಂತ ಮೊದಲು ಆಗಬೇಕಾದದ್ದು ಮನೆಯ ಹೆಣ್ಣುನಾಯಿಯ ಶಸ್ತ್ರಕ್ರಿಯೆ. ಸಾಕಿದವನೇ ಅದನ್ನು ಮಾಡಿಸದಿದ್ದರೆ ಬೀದಿಯದಕ್ಕೆ ಎಷ್ಟು ಮಾಡಿಸಿದರೂ ತಳವಿಲ್ಲದ ಕೊಡಕ್ಕೆ ನೀರು ಹೊಯ್ದಂತೆ. ತಾಲೂಕಿನ ದನದ ದವಾಖಾನೆಯಲ್ಲಿ ಇದಕ್ಕೆಂದು ತಿಂಗಳಿಗೆ ಒಂದು ದಿನ ಗೊತ್ತುಮಾಡಿ, ಆ ದಿನವನ್ನು ಸಂತೆಯಲ್ಲಿ ಡಂಗುರ ಸಾರಿದರೆ, ಗೋಣಿಚೀಲ ಹೊತ್ತು ಹೊರಟವರಲ್ಲಿ ಕೆಲವರಾದರೂ ಅತ್ತ ತಿರುಗಿಯಾರು.

ತುತ್ತು ಹಾಕುವವರನ್ನು ಬೈದು ಓಡಿಸುವುದರಿಂದಲೂ ಕೆಲಸ ಕೆಡುತ್ತದೆ. ಸವಣೂರಿನಲ್ಲಿ ನಾನು ಬಸ್ಸಿಗೆ ಕಾಯುವ ಕಡೆ ಚಹ ಮಾರುವ ಒಬ್ಬ ಹೆಣ್ಣುಮಗಳಿದ್ದಾಳೆ. ದಿನವೂ ಏಳೆಂಟು ನಾಯಿಗಳಿಗೆ ಹಳಸಿದ ಬನ್ನು, ಹಾಲಿನಲ್ಲಿ ನೆನೆಸಿದ ರೊಟ್ಟಿ ಹಾಕುತ್ತಾಳೆ. ಅದಕ್ಕಾಗಿ ಗಿರಾಕಿಗಳಿಂದ ಮಾತು ಕೇಳುತ್ತಾಳೆ. ಯಾವುದು ಈದಿದೆ, ಯಾವುದು ಎರಡು ದಿನದಿಂದ ಬಂದಿಲ್ಲ, ಯಾವುದರ ನಡೆ ನಿನ್ನೆಯಿಂದ ಬೇರೆಯಾಗಿದೆ ಎಂಬುದು ಆಕೆಗೆ ಗೊತ್ತು. ಬಲೆ ಹಿಡಿದ ಅಪರಿಚಿತರನ್ನು ಕಂಡರೆ ಆ ನಾಯಿಗಳು ದಿಕ್ಕಾಪಾಲಾಗುತ್ತವೆ. ಸೂಜಿ ಹಿಡಿದವರು ಬಂದ ದಿನ ಅವನ್ನು ಒಂದೊಂದಾಗಿ ಹೆಸರು ಹಿಡಿದು ಕರೆದು, ಕತ್ತಿಗೆ ಕೈ ಹಾಕಿ ಹಿಡಿದುಕೊಡಬಲ್ಲವಳು ಆ ಊರಿನಲ್ಲಿ ಆಕೆಯೊಬ್ಬಳೇ.