ಕೊಟ್ಟದ್ದೆಷ್ಟು, ಉಂಡದ್ದೆಷ್ಟು?

ಕಳೆದ ವರ್ಷ ಮುಂಬೈನ ಒಂದು ಉಪನಗರದಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಕ್ವಿಜ್ ಸಂಜೆಯೊಂದನ್ನು ನಡೆಸಿದೆವು. ಹತ್ತಿರದ ಕನ್ನಡ ಶಾಲೆಯ ಹತ್ತನೇ ತರಗತಿಯ ಮಕ್ಕಳಿಗೆ ನೆರವಾಗಬೇಕಿತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ಕರಾವಳಿಯ ಹುಡುಗರನ್ನು ಕಂಡ ಊರು ಇದು. ಈಗ ಆ ಶಾಲೆಯ ಬೆಂಚುಗಳಲ್ಲಿ ಕೂರುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು.

ಮೊದಲು ನೇರವಾಗಿಯೇ ಕೇಳಿದ್ದೆವು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಮನವಿಗೆ ಕೈಮುಗಿದ ಚಿತ್ರಗಳು ಬಂದವು, ಹಣ ಬರಲಿಲ್ಲ. ‘ಕ್ವಿಜ್ ಇದೆ, ತಲೆಗೆ 500 ರೂಪಾಯಿ, ಊಟವೂ ಉಂಟು, ಹಣ ಮಕ್ಕಳ ಓದಿಗೆ’ ಎಂದದ್ದೇ ತಡ, ಮೂವರಂತೆ 24 ತಂಡಗಳು ನಾಲ್ಕೇ ದಿನದಲ್ಲಿ ಹೆಸರು ಕೊಟ್ಟವು.

ಪ್ರಶ್ನೆ ಕೇಳುವವನು ನಾನೇ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದು ಯಾವ ಊರಿನಲ್ಲಿ? ಒಂದು ತಂಡ ‘ಮುಂಬೈ’ ಎಂದು, ತಕ್ಷಣ ನಾಲಿಗೆ ಕಚ್ಚಿಕೊಂಡು ‘ಅಲ್ಲಲ್ಲ, ಕೊಲ್ಹಾಪುರ’ ಎಂದಿತು. ಕೊಲ್ಹಾಪುರವೇ ಸರಿ. ಆದರೂ ಮೊದಲು ಹೇಳಿದ್ದೇ ಉತ್ತರ ಎಂದು ನಾನು ಅಂಕ ಕೊಡಲಿಲ್ಲ. ಅಷ್ಟು ಕಟ್ಟುನಿಟ್ಟು ನನ್ನದು.

ಅಂದು ರಾತ್ರಿ ಖುಷಿಯಲ್ಲಿ ಗುಂಪಿಗೆ ಬರೆದೆ: ‘36,000 ರೂಪಾಯಿ ಸಂಗ್ರಹ. ಎಲ್ಲರಿಗೂ ಧನ್ಯವಾದ.’ ಬೆಳಗಾಗುವಷ್ಟರಲ್ಲಿ ಅದು ಯಾರಿಂದಲೋ ಮುಖ್ಯೋಪಾಧ್ಯಾಯರಿಗೆ ತಲುಪಿತ್ತು. ಅವರೇ ಫೋನ್ ಮಾಡಿದರು. ‘ಸರ್, ತುಂಬಾ ಉಪಕಾರ ಆಯ್ತು. ಪುಸ್ತಕ, ಪರೀಕ್ಷೆ ಫೀಸು, ಲೋಕಲ್ ಪಾಸು ಎಲ್ಲ ಸೇರಿ ಒಬ್ಬೊಬ್ಬರಿಗೆ 3,000. ಹನ್ನೆರಡು ಮಕ್ಕಳ ಪಟ್ಟಿ ಮಾಡಿದೀನಿ.’

ಫೋನ್ ಇಟ್ಟು ಲೆಕ್ಕದ ಪುಸ್ತಕ ತೆಗೆದೆ. ಸಭಾಂಗಣದ ಬಾಡಿಗೆ 6,000, ಊಟ 7,900, ಬಹುಮಾನ 2,100, ಮೈಕು ಮತ್ತು ಪರದೆ 1,500. ಉಳಿದದ್ದು 18,500. ಹನ್ನೆರಡು ಮಕ್ಕಳಲ್ಲಿ ಆರು ಮಂದಿಗೆ ಸಾಕಾಗುವಷ್ಟು.

‘ಸಂಗ್ರಹ ಆಗಿದ್ದು ಅಷ್ಟೇ ತಾನೇ, ಅದರಲ್ಲಿ ಸುಳ್ಳೇನಿದೆ ಮಾರಾಯ?’ ಎಂದ ಜೊತೆಗಾರ. ‘ಕ್ವಿಜ್ ಇಲ್ಲದಿದ್ದರೆ ಈ 18,500 ಕೂಡ ಬರ್ತಿರಲಿಲ್ಲ.’

ಅವನ ಎರಡನೆಯ ಮಾತನ್ನು ಒಪ್ಪುತ್ತೇನೆ. ಪ್ರತಿಫಲ ಬಯಸಿ ಕೊಟ್ಟದ್ದನ್ನು ಗೀತೆಯ 17ನೇ ಅಧ್ಯಾಯ ರಾಜಸ ದಾನ ಎನ್ನುತ್ತದೆ. ಕೆಳಗಿನ ಮೆಟ್ಟಿಲಿಗೆ ಇಳಿಸಿದರೂ ದಾನವಲ್ಲ ಎಂದು ತಳ್ಳಿಹಾಕುವುದಿಲ್ಲ. ವಾರವೆಲ್ಲ ಆಫೀಸಿನಲ್ಲಿ ಕನ್ನಡ ಕೇಳದವರು ಒಂದು ಸಂಜೆ ಕೂತು ನಕ್ಕದ್ದು ತಪ್ಪೇನೂ ಅಲ್ಲ. ಆ ನಗುವಿಗೂ ಬೆಲೆಯಿದೆ. ನಮ್ಮ ಲೆಕ್ಕದಲ್ಲಿ ಅದು ತಲೆಗೆ 243 ರೂಪಾಯಿ. ಮಕ್ಕಳಿಗೆ ಹೋದದ್ದು 257.

ಅವನ ಮೊದಲನೆಯ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ನಾವು ಉಂಡದ್ದನ್ನೂ ಕೊಟ್ಟದ್ದರ ಲೆಕ್ಕಕ್ಕೆ ಬರೆದುಕೊಂಡಿದ್ದೆವು. 500 ಕೊಟ್ಟವನು 500 ರೂಪಾಯಿಯ ಪುಣ್ಯದ ಭಾವದಲ್ಲಿ ಮನೆಗೆ ಹೋದ. ಶರಣರ ದಾಸೋಹದಲ್ಲಿ ‘ನಾನು ಕೊಟ್ಟೆ’ ಎಂಬ ಭಾವಕ್ಕೇ ಜಾಗವಿಲ್ಲ. ನಾವೋ ಕೊಡದ್ದಕ್ಕೂ ಧನ್ಯವಾದ ಹೇಳಿಸಿಕೊಂಡೆವು. ಪ್ರತಿ ಅಂಕಿಯೂ ನಿಜವಾಗಿದ್ದೇ ಕೇಳುವವರನ್ನು ದಾರಿ ತಪ್ಪಿಸಬಹುದು. ತಪ್ಪಿದ ದಾರಿಯಲ್ಲಿ ಸಿಕ್ಕಿಕೊಂಡವರು ನಾವಲ್ಲ, ಪಟ್ಟಿಯ ಕೆಳಗಿನ ಆರು ಮಕ್ಕಳು.

ಸಂಜೆ ಶಾಲೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆ. ಮುಖ್ಯೋಪಾಧ್ಯಾಯರು ಸಿಟ್ಟಾಗಲಿಲ್ಲ. ‘ಪರವಾಗಿಲ್ಲ ಸರ್, ಆರು ಹೆಸರು ತೆಗೀತೀನಿ’ ಎಂದು ಪೆನ್ನು ಕೈಗೆತ್ತಿಕೊಂಡರು. ‘ಒಂದು ವಾರ ತಡೀರಿ’ ಎಂದೆ.

ಅಂದೇ ಗುಂಪಿಗೆ ಪೂರ್ತಿ ಲೆಕ್ಕ ಹಾಕಿದೆ. ‘ಇದನ್ನೆಲ್ಲ ಹೇಳಬೇಕಿತ್ತಾ?’ ಎಂದವರಿದ್ದರು. ಹನ್ನೊಂದು ಮಂದಿ ಏನೂ ಹೇಳದೆ ಹಣ ಕಳಿಸಿದರು, ಒಟ್ಟು 12,000. ಕ್ವಿಜ್ ಇಲ್ಲ, ಊಟವಿಲ್ಲ. ಕೊನೆಗೆ ಕಡಿಮೆ ಬಿದ್ದ 5,500 ರೂಪಾಯಿಯನ್ನು ಸಂಘಟಕರು ಹಂಚಿಕೊಂಡು ಹಾಕಿದೆವು. ಅದನ್ನು ನಾನು ದಾನ ಎನ್ನಲಾರೆ. ನನ್ನ ಮೊದಲ ಉತ್ತರಕ್ಕೆ ಬಿದ್ದ ಸಾಲ ಅದು.

ಈ ವರ್ಷವೂ ಕ್ವಿಜ್ ಇದೆ. ಕರೆಯೋಲೆಯಲ್ಲಿ ಎರಡು ಸಾಲು ಹೊಸದು: ಇಷ್ಟು ನಿಮ್ಮ ಸಂಜೆಗೆ, ಇಷ್ಟು ಮಕ್ಕಳಿಗೆ.