ಕೇಳದೆ ಕೂಡಿಟ್ಟದ್ದು

ಕೃಷ್ಣೆಯ ದಂಡೆಯ ಯಡೂರಿನಲ್ಲಿ, ಶ್ರೀ ವೀರಭದ್ರೇಶ್ವರನ ಸನ್ನಿಧಿಯಲ್ಲಿ ಪ್ರವಚನವು ನಡೆದಿರುವಾಗ ಸಭೆಯ ಹಿಂಬದಿಗೆ ನಿಂತು ನೋಡಿದರೆ ಒಂದು ನೋಟವು ಕಣ್ಣಿಗೆ ಬೀಳುವದು. ವೇದಿಕೆಯ ಕಡೆಗೆ ಎತ್ತಿ ಹಿಡಿದ ಮೊಬೈಲುಗಳು ಸಾಲುದೀಪಗಳಂತೆ ಹೊಳೆಯುತ್ತಿರುವವು. ಹಿಡಿದವರ ದೃಷ್ಟಿಯು ಮಾತಾಡುವ ಸ್ವಾಮಿಗಳ ಮೇಲಿರದೆ, ಅಂಗೈಯಗಲದ ಆ ಗಾಜಿನಲ್ಲಿ ಚಿತ್ರವು ಸರಿಯಾಗಿ ಮೂಡುತ್ತಿದೆಯೋ ಇಲ್ಲವೋ ಎಂಬದರ ಮೇಲೆ ನೆಟ್ಟಿರುವದು. ‘ಈಗ ತುಂಬಿಕೊಂಡು ಇರೋಣ, ಮನೆಗೆ ಹೋದ ಮೇಲೆ ಸಾವಕಾಶವಾಗಿ ಕೇಳೋಣ’ ಎಂಬದು ಅವರ ಮನಸ್ಸಿನಲ್ಲಿಯ ಮಾತು. ಈ ಸಾವಕಾಶವೆಂಬದು ಯಾವ ವಾರದಲ್ಲಿ ಬರುವದೆಂದು ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ.

ಅನ್ಯರನ್ನು ಹಳಿಯಲು ಈ ಮಾತನ್ನು ಎತ್ತಿಲ್ಲ. ಆ ಸಾಲಿನಲ್ಲಿ ನಾನೂ ನಿಂತವನೇ. ಕಳೆದ ಶ್ರಾವಣದ ಒಂದು ರಾತ್ರಿ, ಫೋನಿನಲ್ಲಿ ಜಾಗವು ಉಳಿದಿಲ್ಲವೆಂದು ಅದು ತಾನೇ ತಕರಾರು ಹೇಳಿದಾಗ, ಒಳಗೆ ಏನೇನು ಸೇರಿದೆಯೆಂದು ಎಣಿಸುತ್ತ ಕುಳಿತೆನು. ಪ್ರವಚನಗಳು, ವಚನಗಾಯನಗಳು, ಟೀವಿಯಲ್ಲಿ ಬಂದ ಚಿಂತನ ಕಾರ್ಯಕ್ರಮಗಳು, ಗೆಳೆಯರು ವಾಟ್ಸಪ್ಪಿನಲ್ಲಿ ಕಳಿಸಿದ ಉಪನ್ಯಾಸಗಳು ಕೂಡಿ 214 ಆದವು. ಅವುಗಳ ಒಟ್ಟು ಅವಧಿಯು ಸುಮಾರು 190 ತಾಸು. ಪೂರ್ತಿ ಕೇಳಿದವು ಹನ್ನೊಂದು. ದಿನಾಲು ಅರ್ಧ ತಾಸು ಕೇಳುತ್ತ ಹೋದರೂ ಉಳಿದದ್ದು ಮುಗಿಯಲಿಕ್ಕೆ ಹೆಚ್ಚುಕಡಿಮೆ ಒಂದು ವರುಷವೇ ಬೇಕು. ಅಷ್ಟರಲ್ಲಿ ಹೊಸದೊಂದನ್ನೂ ಸೇರಿಸದೆ ಇರುವೆನೆಂಬ ಭರವಸೆ ನನಗೇ ಇಲ್ಲ.

ಇದರಲ್ಲಿ ತಪ್ಪೇನು ಎಂಬದೇ ಪ್ರಶ್ನೆ. ಮೇಲ್ನೋಟಕ್ಕೆ ಉತ್ತರವು ಸುಲಭವೆಂದು ತೋರುವದು. ಸಂಗ್ರಹವು ದೋಷವೆಂದು ಶರಣರು ಸಾರಿದ್ದಾರಲ್ಲವೆ? ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತವನ್ನು ನಮ್ಮ ಮನೆಗಳ ಚಿಕ್ಕ ಮಕ್ಕಳೂ ಬಲ್ಲರು. ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಹಿಗ್ಗಲಿಲ್ಲ. ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಹನ್ನೆರಡನೆಯ ಶತಮಾನದ ಆ ಬಡಮನೆಯ ಹೊಸ್ತಿಲಲ್ಲಿ ನಡೆದ ಇಷ್ಟು ಸಣ್ಣ ಸಂಗತಿಯು ನಮ್ಮ ಇಡೀ ಧರ್ಮದ ಅರ್ಥಶಾಸ್ತ್ರವನ್ನು ಹೇಳುವದು.

ಆದರೆ ಈ ದೃಷ್ಟಾಂತವನ್ನು ತಂದು ಮೊಬೈಲಿಗೆ ಹಚ್ಚುವಾಗ ತುಸು ತಡೆದು ವಿಚಾರಿಸಬೇಕು. ಹೆಚ್ಚಿನ ಅಕ್ಕಿಯು ಮಾರಯ್ಯನ ಮನೆಯಲ್ಲಿ ಕುಳಿತರೆ ಇನ್ನೊಬ್ಬನ ಬಟ್ಟಲು ಬರಿದಾಗುವದು. ನಾನು ಪ್ರವಚನವನ್ನು ತುಂಬಿಕೊಂಡರೆ ಯಾರ ಬಟ್ಟಲು ಬರಿದಾಯಿತು? ಪಕ್ಕದವನಿಗೂ ಅದೇ ಪ್ರವಚನವು ಪೂರ್ತಿಯಾಗಿಯೇ ದೊರೆಯುವದು. ನನ್ನ ಫೋನಿನಿಂದ ಅವನ ಫೋನಿಗೆ ಕೊಟ್ಟರೆ ನನ್ನಲ್ಲಿಯೂ ಕಡಿಮೆಯಾಗದು. ಯಾರ ಪಾಲನ್ನೂ ಕಸಿಯದ ಸಂಗ್ರಹವಿದು. ಆದುದರಿಂದ ಲಕ್ಕಮ್ಮನ ಮಾತಿನ ಹೊರಗಿನ ಅರ್ಥದಿಂದ ನನ್ನನ್ನು ಯಾರೂ ತಪ್ಪಿತಸ್ಥನೆಂದು ಹಿಡಿಯಲಾರರು. ಇಷ್ಟನ್ನು ನ್ಯಾಯವಾಗಿ ಒಪ್ಪಿಕೊಂಡೇ ಮುಂದೆ ಹೋಗತಕ್ಕದ್ದು.

ತಪ್ಪಿದ್ದರೆ ಅದು ಬೇರೆ ಕಡೆಗೆ ಇರಬೇಕು. ಜೋಳ, ಗೋದಿ, ಬೆಲ್ಲಗಳನ್ನು ಕೂಡಿಟ್ಟವನು ತನ್ನ ದುಡಿಮೆಯನ್ನು ಉಳಿಸಿಕೊಂಡಂತೆ. ಹಗೇವಿನ ಕಾಳು ಮುಂದೆ ಒಂದು ದಿನ ಅವನ ಶ್ರಮವನ್ನು ತಪ್ಪಿಸುವದು. ಮಾತಿನ ಸಂಗ್ರಹವು ಹಾಗಲ್ಲ. ಒಂದು ತಾಸಿನ ಪ್ರವಚನವನ್ನು ಕೂಡಿಟ್ಟರೆ ಅದು ಮುಂದೆ ನನ್ನ ಆಯುಷ್ಯದ ಒಂದು ತಾಸನ್ನೇ ಕೇಳುವದು. ಯಂತ್ರವು ಚಿತ್ರವನ್ನು ಕಾಪಾಡಬಲ್ಲದು, ಧ್ವನಿಯನ್ನು ಕಾಪಾಡಬಲ್ಲದು. ಕೇಳುವ ವೇಳೆಯನ್ನು ಮಾತ್ರ ಅದು ಕೂಡಿಡಲಾರದು. ಹಾಗಾದರೆ ನಾನು ಕೂಡಿಸಿದ್ದು ಗಳಿಕೆಯಲ್ಲ, ಸಾಲ. ಮುಂದಿನ ಹಂಗಾಮಿನ ಕಬ್ಬಿನ ಮೇಲೆ ಸೊಸಾಯಿಟಿಯಲ್ಲಿ ಸಾಲ ತೆಗೆಯುವ ನಮ್ಮ ಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನಿಗಾದರೂ ಹೊಲವಿದೆ. ನಾಳಿನ ನನ್ನ ಮೇಲೆ 190 ತಾಸುಗಳ ಕಾಗದಕ್ಕೆ ಇಂದಿನ ನಾನು ರುಜು ಹಾಕುತ್ತ ಬಂದಿದ್ದೇನೆ. ನಾಳಿನವನನ್ನು ಯಾರೂ ಒಂದು ಮಾತು ಕೇಳಿಲ್ಲ.

ಇದು ಮೊಬೈಲಿನೊಂದಿಗೆ ಹುಟ್ಟಿದ ರೋಗವಲ್ಲ. ಮನೆಮನೆಗೆ ಟೀವಿಯನ್ನು ಅಚ್ಚು ಹಾಕಿಕೊಳ್ಳುವ ಯಂತ್ರಗಳು 1975-76ರ ಸುಮಾರಿಗೆ ಜಪಾನಿನಿಂದ ಹೊರಬಿದ್ದವು. ಬೇಕಾದ ಕಾರ್ಯಕ್ರಮವನ್ನು ಬೇಕಾದ ವೇಳೆಗೆ ನೋಡುವದೇ ಅವುಗಳ ಉದ್ದೇಶ. 1984ರಲ್ಲಿ ಅಮೇರಿಕೆಯ ಶ್ರೇಷ್ಠ ನ್ಯಾಯಾಲಯವು, ಜನರು ಈ ಯಂತ್ರವನ್ನು ಹೆಚ್ಚಾಗಿ ಬಳಸುವದು ಪ್ರಸಾರವಾದದ್ದನ್ನು ತಡವಾಗಿ ಒಮ್ಮೆ ನೋಡುವದಕ್ಕಾಗಿಯೇ, ಅದು ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ತಡವಾಗಿ ನೋಡುವವರ ಹಕ್ಕನ್ನು ನ್ಯಾಯಾಧೀಶರು ಕಾಯ್ದರು. ಎಂದೂ ನೋಡದವರ ವಿಷಯವು ಅವರ ಮುಂದೆ ಬಂದಿರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಸುಮಾರು ಎರಡು ಸಾವಿರ ವರುಷಗಳ ಹಿಂದೆ ರೋಮಿನ ತತ್ತ್ವಜ್ಞಾನಿ ಸೆನೆಕನು, ಪುಸ್ತಕಗಳ ಹೆಸರುಗಳನ್ನು ಓದಿ ಮುಗಿಸಲಿಕ್ಕೂ ಒಡೆಯನ ಆಯುಷ್ಯವು ಸಾಲದಂಥ ಗ್ರಂಥಭಂಡಾರಗಳನ್ನು ಕುರಿತು ಕಟುವಾಗಿ ಬರೆದಿದ್ದಾನೆ. ಓದದೆ ಪೇರಿಸಿಟ್ಟ ಪುಸ್ತಕಗಳಿಗೆ ಜಪಾನೀಯರಲ್ಲಿ ‘ತ್ಸುಂದೋಕು’ ಎಂದು ಬೇರೆ ಶಬ್ದವೇ ಇದೆ. ನಮ್ಮಲ್ಲಿ ಶಬ್ದವಿಲ್ಲ, ವಸ್ತುವು ಧಾರಾಳವಾಗಿದೆ.

ಇಲ್ಲಿ ಒಬ್ಬ ವಿಚಾರವಂತ ಓದುಗನು ನನ್ನನ್ನು ತಡೆಯಬಹುದು. ‘ಓದದೆ ಕೂಡಿಟ್ಟವರಿಂದಲೇ ಅಲ್ಲವೆ ವಚನಗಳು ಉಳಿದದ್ದು?’ ಎಂದು ಅವನು ಕೇಳಿದರೆ ನಾನು ಕೂಡಲೆ ಉತ್ತರ ಕೊಡಲಾರೆನು. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ, ಮಠಗಳಲ್ಲಿ ತಾಡವೋಲೆಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ವಿಭೂತಿ ಪತ್ರಿಗಳಿಂದ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುತ್ತಿದ್ದವರು ವಿರಳ. ಓದಲು ಬಾರದವರೂ ಅವನ್ನು ಹುಳಕ್ಕೆ, ಹೊಗೆಗೆ, ನೀರಿಗೆ ಬೀಳಗೊಡದೆ ತಲೆತಲಾಂತರ ಕಾಪಾಡಿದರು. ಫ. ಗು. ಹಳಕಟ್ಟಿಯವರು ವಕೀಲಿಯನ್ನು ಬದಿಗಿಟ್ಟು ಊರೂರು ಅಲೆದು ಆ ಕಟ್ಟುಗಳನ್ನು ಬಿಚ್ಚಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಮುದ್ರಣಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಮುಂದೆ 1993ರಲ್ಲಿ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸುವಷ್ಟರ ಮಟ್ಟಿಗೆ ಆ ಕಾರ್ಯವು ಬೆಳೆಯಿತು. ಜಗಲಿಯ ಮೇಲೆ ಸುಮ್ಮನೆ ಕುಳಿತ ಆ ಕಟ್ಟುಗಳು ಇರದಿದ್ದರೆ ಹಳಕಟ್ಟಿಯವರಾದರೂ ಏನು ಬಿಚ್ಚುತ್ತಿದ್ದರು?

ಬಹಳ ದಿನ ಈ ಆಕ್ಷೇಪವನ್ನು ಮೆಲಕು ಹಾಕಿದ ಮೇಲೆ ನನಗೆ ತೋರಿದ್ದಿಷ್ಟು. ಆ ಹಿರಿಯರು ಓಲೆಗಳನ್ನು ಇಟ್ಟುಕೊಂಡದ್ದು ತಮಗಾಗಿ ಅಲ್ಲ. ‘ನಾಳೆ ನಾನು ಓದುವೆ’ ಎಂಬ ಮಾತು ಅವರಲ್ಲಿರಲಿಲ್ಲ. ‘ಇದು ನನ್ನದಲ್ಲ, ಬಲ್ಲವನು ಬಂದರೆ ಕೊಡಬೇಕಾದದ್ದು’ ಎಂಬ ಭಾವವಿತ್ತು. ಇದ್ದದ್ದೊಂದೇ ಪ್ರತಿ, ಅದು ಅವರ ಕೈಯಿಂದ ಜಾರಿದ್ದರೆ ಲೋಕದಿಂದಲೇ ಜಾರುತ್ತಿತ್ತು. ಆ ಕಾಯುವಿಕೆಯು ದಾಸೋಹವೇ ಸರಿ. ನನ್ನ ಫೋನಿನಲ್ಲಿರುವ ಪ್ರವಚನವಾದರೋ ಇನ್ನೂ ಸಾವಿರ ಫೋನುಗಳಲ್ಲಿದೆ, ಯೂಟ್ಯೂಬಿನಲ್ಲಿದೆ. ನಾನು ಅಳಿಸಿದರೆ ಲೋಕಕ್ಕೆ ಎಳ್ಳಷ್ಟೂ ನಷ್ಟವಿಲ್ಲ. ನಾನು ಕಾಯುತ್ತಿರುವದು ಪ್ರವಚನವನ್ನಲ್ಲ. ‘ನಾನೂ ಕೇಳುವವನೇ’ ಎಂಬ ನನ್ನ ಒಂದು ಹೆಮ್ಮೆಯನ್ನು. ತುಂಬಿಕೊಂಡ ಕ್ಷಣದಲ್ಲಿ ಅರ್ಧ ಕೇಳಿದಷ್ಟೇ ತೃಪ್ತಿಯಾಗುವದೆಂಬದನ್ನು ಯಾರಾದರೂ ತಮ್ಮಲ್ಲಿಯೇ ನೋಡಿಕೊಳ್ಳಬಹುದು. ಆ ತೃಪ್ತಿಯೇ ಮುಂದೆ ಕೇಳಗೊಡುವದಿಲ್ಲ. ಶರಣರು ಇಷ್ಟಲಿಂಗವನ್ನು ಗುಡಿಯಲ್ಲಿ ಬಿಡದೆ ಮೈಮೇಲೆ ಕಟ್ಟಿದ್ದಕ್ಕೆ ದೊಡ್ಡ ದೊಡ್ಡ ಕಾರಣಗಳನ್ನು ಶಾಸ್ತ್ರಜ್ಞರು ಹೇಳುವರು. ಗುಡಿಗೆ ನಾಳೆ ಹೋದರಾಯಿತು ಎನ್ನಲು ಬರುವದು, ಅಂಗೈಗೆ ಹಾಗೆ ಅನ್ನಲು ಬಾರದು ಎಂಬ ಸಾಮಾನ್ಯ ಕಾರಣವೂ ಅದರಲ್ಲಿ ಇದ್ದೀತೆಂದು ನನಗನಿಸುತ್ತದೆ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದರು. ಅವರ ಅಂಗಿಗೆ ಕಿಸೆಯಿರಲಿಲ್ಲವೆಂಬದನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ಅವರು ವಿನಯದಿಂದ ಹಿಂದಕ್ಕೆ ಕಳಿಸಿದರು. ತಮ್ಮ ದೇಹವನ್ನು ದಹಿಸಿ ಬೂದಿಯನ್ನು ನೀರಿನಲ್ಲಿ ಬಿಡಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಅಂಥವರ ನೂರಾರು ತಾಸಿನ ಮಾತು ಇಂದು ನಮ್ಮ ಕಿಸೆಗಳಲ್ಲಿದೆ! ನನ್ನ 214ರಲ್ಲಿ 60ಕ್ಕಿಂತ ಹೆಚ್ಚು ಅವರವೇ. ಅವರು ಊರಿಗೆ ಬಂದು ತಿಂಗಳುಗಟ್ಟಲೆ ಬೆಳಗಿನ ಜಾವ ಮಾತಾಡುತ್ತಿದ್ದಾಗ ಜನರು ಮಳೆ ಚಳಿಯೆನ್ನದೆ ಎದ್ದು ಹೋಗಿ ಕೇಳಿದರು. ಈಗ ಹಾಸಿಗೆಯಲ್ಲಿಯೇ ಅವರು ದೊರೆಯುವರು, ಆದುದರಿಂದ ಏಳಬೇಕಾದ ಕಾರಣವಿಲ್ಲ.

ಹಾಗೆಂದು ಯಂತ್ರವನ್ನೇ ದೂಷಿಸುವ ಮನಸ್ಸು ನನಗಿಲ್ಲ. ಕಾಲು ಬಾರದ ಮುದುಕರಿಗೆ, ಬಾಣಂತಿಯರಿಗೆ, ಪುಣೆ ಬೆಂಗಳೂರುಗಳಲ್ಲಿ ದುಡಿಯುವ ಮಕ್ಕಳಿಗೆ ಅದು ಮಾಡಿದ ಉಪಕಾರವು ಸಣ್ಣದಲ್ಲ. ಈಗ ಹೇಳುವ ಸಂಗತಿಯನ್ನು ಓದಿದ ಮೇಲೆ ಈ ವಿಷಯದಲ್ಲಿ ನನ್ನ ನಿಲುವು ಯಾಕೆ ಒಂದೇ ಕಡೆಗೆ ವಾಲುವದಿಲ್ಲವೆಂಬದು ತಿಳಿದೀತು.

ಯಡೂರಿನಲ್ಲಿ ನನ್ನ ಸೋದರಮಾವನವರ ಮನೆಯಿದೆ. 1989ರಲ್ಲಿ ಕಬ್ಬಿನ ದುಡ್ಡು ಕೈಗೆ ಬಂದಾಗ ಅವರು ಊರಿಗೆಲ್ಲ ಮೊದಲಿಗರಾಗಿ ವ್ಹಿಡಿಯೋ ಯಂತ್ರವನ್ನು ತಂದರು. ದೂರದರ್ಶನದಲ್ಲಿ 1988ರ ಅಕ್ಟೋಬರದಿಂದ ರವಿವಾರ ಮುಂಜಾನೆ ಮಹಾಭಾರತವು ಬರುತ್ತಿದ್ದ ಕಾಲವದು. ನೀರು ಹಾಯಿಸುವ ಪಾಳಿಯು ರವಿವಾರವೇ ಬರುತ್ತಿದ್ದುದರಿಂದ ಮಾವನವರು ಹೊಲಕ್ಕೆ ಹೋಗುವರು, ಅತ್ತೆಯವರು ಯಂತ್ರದ ಗುಂಡಿಯನ್ನು ಒತ್ತಿ ತುಂಬಿಸುವರು. ಮೂರು ತಾಸಿನ ಕ್ಯಾಸೆಟ್ಟುಗಳು 20ಕ್ಕೂ ಮಿಕ್ಕಿ ಆದವು. ‘ಹಂಗಾಮು ಮುಗೀಲಿ’ ಎಂದರು. ಹಂಗಾಮು ಮುಗಿದ ಮೇಲೆ ‘ಮಗಳ ಮದುವಿ ಆಗ್ಲಿ’ ಎಂದರು. ಯಂತ್ರವು ಕೆಟ್ಟಿತು, ರಿಪೇರಿ ಮಾಡುವವರು ಇಲ್ಲದಾದರು. 2016ರಲ್ಲಿ ಅಂಥ ಯಂತ್ರಗಳನ್ನು ತಯಾರಿಸುವ ಕೊನೆಯ ಕಂಪನಿಯೂ ಕೆಲಸ ನಿಲ್ಲಿಸಿತೆಂಬ ವಾರ್ತೆ ಬಂತು. ಕ್ಯಾಸೆಟ್ಟುಗಳು ಮಾತ್ರ ಒಂದು ತಗಡಿನ ಟ್ರಂಕಿನಲ್ಲಿ ಹಾಗೆಯೇ ಇದ್ದವು.

2019ರ ಅಗಸ್ಟದಲ್ಲಿ ಕೃಷ್ಣೆಯು ಉಕ್ಕಿ ಬಂದದ್ದನ್ನು ಚಿಕ್ಕೋಡಿ ತಾಲೂಕಿನವರು ಮರೆಯಲಾರರು. ಕಲ್ಲೋಳ-ಯಡೂರು ಸೇತುವೆಯು ಮಳೆಗಾಲದಲ್ಲಿ ಮುಳುಗುವದು ಹೊಸ ಮಾತಲ್ಲ. ಆ ಸಲ ನೀರು ಮನೆಗಳೊಳಗೆ ನುಗ್ಗಿತು. ದನಗಳನ್ನು, ಕಾಗದಪತ್ರಗಳನ್ನು, ಜಗಲಿಯ ದೇವರನ್ನು ತೆಗೆದುಕೊಂಡು ಜನರು ಹೊರಬಿದ್ದರು. ನೀರಿಳಿದ ಮೇಲೆ ಮನೆಯನ್ನು ತೊಳೆಯಲಿಕ್ಕೆ ನಾನೂ ಹೋಗಿದ್ದೆನು. ಟ್ರಂಕನ್ನು ತೆರೆದಾಗ ಒಳಗೆ ಕೆಸರು, ಕೆಸರಿನಲ್ಲಿ ಕರೇ ಪಟ್ಟಿಗಳ ಗೋಜಲು. ಮಾವನವರು ಸಂಕಟಪಡುವರೆಂದು ನಾನು ಅಂಜಿದ್ದೆ. ಅವರು ನಕ್ಕುಬಿಟ್ಟರು.

“ಹೋಗ್ಲಿ ಬಿಡಪಾ. ನೋಡೂದೊಂದು ಬಾಕಿ ಉಳದಿತ್ತು. ಹೊಳಿ ಅದನ್ನ ಚುಕ್ತಾ ಮಾಡ್ತು.”

ಆ ನಗೆಯಲ್ಲಿ ಮೂವತ್ತು ವರುಷದ ಭಾರವೊಂದು ಇಳಿದದ್ದನ್ನು ನಾನು ಕಂಡೆ. ಮುಂದೆ ಏಳು ತಿಂಗಳಿಗೆ, 2020ರ ಮಾರ್ಚದಲ್ಲಿ ಎಲ್ಲರೂ ಮನೆಯಲ್ಲಿ ಕೂಡ್ರುವ ಪ್ರಸಂಗ ಬಂದಾಗ ದೂರದರ್ಶನವು ಅದೇ ಮಹಾಭಾರತವನ್ನು ಮತ್ತೆ ತೋರಿಸಿತು. ಮಾವನವರಿಗೆ ಆಗ ಬೇಕಾದಷ್ಟು ವೇಳೆಯಿತ್ತು. ಎರಡು ದಿನ ನೋಡಿ ಬಿಟ್ಟರು.

ಆದರೆ ಟ್ರಂಕನ್ನು ತೊಳೆಯುತ್ತಿದ್ದ ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ, ಅವರು ಕೈಯಲ್ಲಿದ್ದ ಕಸಬರಿಗೆಯನ್ನು ಬಿಟ್ಟು ಸುಮ್ಮನೆ ಕುಳಿತರು. “ಅವ್ವನ ಕ್ಯಾಸೆಟ್ಟೂ ಅದರಾಗ ಇತ್ತಲ್ಲೋ” ಎಂದರು. ನನ್ನ ಅಜ್ಜಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು 1985ರ ದೀಪಾವಳಿಯಲ್ಲಿ ಅವರು ಟೇಪಿನಲ್ಲಿ ಹಿಡಿದಿದ್ದರು. ಅಜ್ಜಿ ತೀರಿಕೊಂಡ ಮೇಲೆ, ದುಃಖ ಆರಲಿ, ಆಮೇಲೆ ಕೇಳಿದರಾಯಿತು ಎಂದುಕೊಂಡಿದ್ದರು. ಒಮ್ಮೆಯೂ ಕೇಳಿರಲಿಲ್ಲ. ಮಹಾಭಾರತಕ್ಕೆ ಸಾವಿರ ಪ್ರತಿಗಳಿದ್ದವು. ಇದಕ್ಕೆ ಎರಡನೆಯದು ಎಲ್ಲಿಯೂ ಇರಲಿಲ್ಲ. ಹಗುರಾದವರ ಕಣ್ಣಲ್ಲಿಯೇ ಈಗ ನೀರು ಬಂತು.

ಫೋನಿನ ಲೆಕ್ಕವನ್ನು ಮಾಡಿದ ಆ ರಾತ್ರಿ ನಾನು 200ಕ್ಕೆ ಮೇಲ್ಪಟ್ಟು ಅಳಿಸಿದೆನು. ಅಳಿಸುವಾಗ ಕೈ ನಡುಗಿತೆಂದರೆ ಸುಳ್ಳಲ್ಲ. ಏನೋ ಅಪಚಾರ ಮಾಡಿದಂತೆನಿಸಿತು. ಮರುವಾರ ಯಡೂರಿಗೆ ಹೋಗಿ ದರ್ಶನ ಮಾಡಿಕೊಂಡು ಮಾವನವರ ಕಟ್ಟೆಯ ಮೇಲೆ ಕುಳಿತಾಗ, ಅಜ್ಜಿಯ ಪದಗಳಲ್ಲಿ ಏನಾದರೂ ನೆನಪಿದೆಯೇ ಎಂದು ಕೇಳಿದೆ. ವಯಸ್ಸಾದ ಗಂಟಲು, ನಡುನಡುವೆ ಕೆಮ್ಮು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಪ್ಪಳ. ಹಾಡು ಕಡಿಮೆ, ಅಜ್ಜಿಯ ಮಾತೇ ಹೆಚ್ಚು. ಅವರನ್ನು ಕೇಳಿಯೇ ಫೋನನ್ನು ನಡುವೆ ಇಟ್ಟಿದ್ದೆನು. ಇಪ್ಪತ್ತೆರಡು ನಿಮಿಷವಾಯಿತು.

ಅಂದು ರಾತ್ರಿಯೇ ಮನೆಯಲ್ಲಿ ತಾಯಿಯವರ ಎದುರಿಗೆ ಅದನ್ನು ಹಚ್ಚಿದೆ. ಅಣ್ಣನ ಧ್ವನಿಯನ್ನು ಅವರು ತಲೆಬಾಗಿಸಿ ಕೇಳುತ್ತ ಹೋದರು. ಅರ್ಧಕ್ಕೆ ಬಂದಾಗ ತಟ್ಟನೆ ಕೈ ಎತ್ತಿ, “ನಿಲ್ಲಸು. ಅದು ಹಾಂಗಿಲ್ಲ, ತಪ್ಪು ಹೇಳ್ಯಾನ” ಎಂದು, ಕಾಲು ಚಾಚಿ ಗೋಡೆಗೆ ಒರಗಿ, ಬೀಸುಗಲ್ಲಿನ ಗೂಟವನ್ನು ಹಿಡಿದಂತೆ ಬಲಗೈಯನ್ನು ತಿರುಗಿಸುತ್ತ ತಾವೇ ಹಾಡತೊಡಗಿದರು. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ.