ಚಿಟ್ಟೆಯ ಚಿತ್ರ ಮತ್ತು ಪ್ರಮಾದ

ಕೋವಿ ಹಿಡಿದವನಿಗಿಂತ ಕ್ಯಾಮೆರಾ ಹಿಡಿದವನು ಮೇಲು ಎಂಬುದರಲ್ಲಿ ಯಾರಿಗೂ ಸಂದೇಹವಿರಲಾರದು. ಬೇಟೆಯೇ ಪೌರುಷವೆನಿಸಿದ್ದ ಕಾಲದಲ್ಲಿ, 1927ರಲ್ಲಿ, ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಅವರು ಹುಲಿಗಳ ಛಾಯಾಚಿತ್ರಗಳ ಗ್ರಂಥವನ್ನು ಪ್ರಕಟಿಸಿದ್ದು ಒಂದು ನೈತಿಕ ತಿರುವೇ ಆಗಿತ್ತು. ನಮ್ಮ ನಾಡಿನಲ್ಲಿ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007) ಮೊದಲಾದವರು ಈ ಕಲೆಗೆ ತಪಸ್ಸಿನ ಗೌರವವನ್ನು ತಂದರು. ಆದರೆ ಕೊಲ್ಲಲಿಲ್ಲ ಎಂದ ಮಾತ್ರಕ್ಕೆ ನೋಯಿಸಲಿಲ್ಲ ಎಂದಾಗುವುದೆ? ಈ ಪ್ರಶ್ನೆ ನನಗೆ ಯಾವ ಕಾಡಿನಲ್ಲಿಯೂ ಎದುರಾಗಲಿಲ್ಲ. ಇಂದಿರಾನಗರದ ನಮ್ಮ ಹಿತ್ತಲಿನ ನಿಂಬೆಯ ಗಿಡದ ಬಳಿ ಎದುರಾಯಿತು.

ಇಂದಿರಾನಗರವು ಮೊದಲಿಗೆ ಕೈತೋಟಗಳುಳ್ಳ ಮನೆಗಳ ಬಡಾವಣೆ. ನೂರಡಿ ರಸ್ತೆ ಅಂಗಡಿಗಳ ಬೀದಿಯಾಯಿತು. 2011ರ ಅಕ್ಟೋಬರಿನಲ್ಲಿ ಮೆಟ್ರೊ ರೈಲು ಬಂದಿತು. ತೋಟಗಳು ಒಂದೊಂದಾಗಿ ಕಟ್ಟಡಗಳಡಿ ಅಡಗಿದವು. ಆದರೂ ಉಳಿದ ನಾಲ್ಕು ಗಿಡಗಳನ್ನು ಚಿಟ್ಟೆಗಳು ಮರೆತಿಲ್ಲ. ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್, ಸಂಪಿಗೆಗೆ ಟೈಲ್ಡ್ ಜೇ, ಕರಿಬೇವಿಗೆ ಮಾರ್ಮನ್, ನಿಂಬೆಗೆ ನಿಂಬೆಚಿಟ್ಟೆ: ತನ್ನ ಮರಿಗೆ ಒಗ್ಗುವ ಎಲೆಯನ್ನೇ ಹುಡುಕಿ ತಾಯಿಚಿಟ್ಟೆ ಮೊಟ್ಟೆಯಿಡುತ್ತದೆ. ನಿಂಬೆಚಿಟ್ಟೆಯ ಎಳೆಯ ಕಂಬಳಿಹುಳು ಹಕ್ಕಿಯ ಹಿಕ್ಕೆಯಂತೆ ತೋರುತ್ತದೆ. ಬೆಳೆದಂತೆ ಹಸಿರಾಗಿ ಎಲೆಯಲ್ಲಿ ಬೆರೆಯುತ್ತದೆ. ಕಾಣಿಸಿಕೊಳ್ಳದಿರುವುದೇ ಅದರ ರಕ್ಷೆ. ಛಾಯಾಗ್ರಾಹಕನ ಆಸೆಯಾದರೋ ಅದನ್ನು ಕಾಣಿಸುವುದು. ವಿರೋಧವು ಇಲ್ಲಿಂದಲೇ ಆರಂಭವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಆ ಗಿಡದಲ್ಲಿ ಒಂದು ಕೋಶವನ್ನು ಕಂಡೆ. ದಿನವೂ ಅದರ ಚಿತ್ರ ತೆಗೆದೆ. ಒಂದು ಸಂಜೆ ಕೋಶವು ಕಪ್ಪಾಗಿ, ಒಳಗಿನ ರೆಕ್ಕೆಯ ಚಿತ್ತಾರ ಹೊರಗೆ ಕಾಣತೊಡಗಿತು. ಮರುದಿನ ಬೆಳಿಗ್ಗೆ ಚಿಟ್ಟೆ ಹೊರಬಂದು, ಮುದುಡಿದ ಒದ್ದೆ ರೆಕ್ಕೆಗಳನ್ನು ಇಳಿಬಿಟ್ಟು ಕಡ್ಡಿಗೆ ಜೋತುಬಿದ್ದಿತ್ತು. ಬೆಳಕು ಹಿಂದಿನಿಂದ ಬರುತ್ತಿತ್ತು. ಮುಖಕ್ಕೆ ಬೆಳಕು ಬೀಳಲೆಂದು ನಾನು ಆ ಕಡ್ಡಿಯನ್ನು ಎರಡು ಬೆರಳಿನಿಂದ ಮೆಲ್ಲನೆ ತಿರುಗಿಸಿದೆ. ಅಷ್ಟೆ. ಚಿಟ್ಟೆ ಜಾರಿ ನೆಲಕ್ಕೆ ಬಿತ್ತು. ಹೊರಬಂದ ಚಿಟ್ಟೆ ತನ್ನ ದೇಹರಸವನ್ನು ರೆಕ್ಕೆಗಳಿಗೆ ಒತ್ತಿ ಅವನ್ನು ಅರಳಿಸಿಕೊಳ್ಳಬೇಕು. ಅವು ಒಣಗಿ ಬಿಗಿಯಾಗುವವರೆಗೆ ತೂಗಾಡುತ್ತಲೇ ಇರಬೇಕು. ನಾನು ಅದನ್ನು ಮತ್ತೆ ಕಡ್ಡಿಗೆ ಹತ್ತಿಸಿದೆ. ಒಂದು ರೆಕ್ಕೆ ಮಡಿಸಿದಂತೆಯೇ ಗಟ್ಟಿಯಾಯಿತು. ಆ ಚಿಟ್ಟೆ ಎಂದೂ ಹಾರಲಿಲ್ಲ.

ಕೊಲ್ಲುವ ಸಂಕಲ್ಪ ನನ್ನಲ್ಲಿರಲಿಲ್ಲವೆಂಬುದು ದಿಟ. ಆದರೆ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರ್ವಚಿಸುವಾಗ ಪ್ರಾಣಹಾನಿಗೆ ಮೊದಲು ಪ್ರಮಾದವನ್ನು ಹೆಸರಿಸುತ್ತದೆ. ದ್ವೇಷವಷ್ಟೇ ಪ್ರಮಾದವಲ್ಲ; ರಾಗವೂ ಪ್ರಮಾದವೇ. ಆ ಬೆಳಿಗ್ಗೆ ನನ್ನ ಕೈಯನ್ನು ನಡೆಸಿದ್ದು ಚಿಟ್ಟೆಯ ಮೇಲಿನ ಪ್ರೀತಿಯೆಂದು ನಾನು ಬಗೆದಿದ್ದೆ. ವಾಸ್ತವವಾಗಿ ಅದು ಚಿತ್ರದ ಮೇಲಿನ ಪ್ರೀತಿ. ‘ಕ್ಯಾಮೆರಾದಲ್ಲಿ ಸೆರೆಹಿಡಿದೆ’ ಎಂದು ನಾವು ಕನ್ನಡದಲ್ಲಿ ಸಲೀಸಾಗಿ ಹೇಳುತ್ತೇವೆ. ಮಾತು ಎಷ್ಟೋ ವೇಳೆ ನಮಗಿಂತ ಪ್ರಾಮಾಣಿಕವಾಗಿರುತ್ತದೆ.

ಇದಕ್ಕೆ ಬಲವಾದ ಪ್ರತಿವಾದವೊಂದುಂಟು. ನಮ್ಮ ನೆರೆಮನೆಯ ಹಿರಿಯರೊಬ್ಬರು ಕರಿಬೇವಿಗೆ ತಪ್ಪದೆ ಕೀಟನಾಶಕ ಸಿಂಪಡಿಸುತ್ತಿದ್ದರು. ತಾವು ಕೊಲ್ಲುತ್ತಿದ್ದ ಹುಳುವೇ ತಾವು ಮೆಚ್ಚುವ ಕಪ್ಪು ಚಿಟ್ಟೆಯೆಂದು ನನ್ನ ಚಿತ್ರಗಳಿಂದ ತಿಳಿದ ಮೇಲೆ ಅದನ್ನು ನಿಲ್ಲಿಸಿದರು. ಒಂದು ಚಿತ್ರವು ಅನೇಕ ಜೀವಗಳನ್ನು ಉಳಿಸಬಲ್ಲುದು. ಇದನ್ನು ನಾನು ಅಲ್ಲಗಳೆಯಲಾರೆ. ಆದರೆ ಅವರ ಮನಸ್ಸನ್ನು ತಿರುಗಿಸಿದ್ದು ಎಲೆಯ ಮೇಲೆ ತನ್ನಷ್ಟಕ್ಕೆ ತಿನ್ನುತ್ತಿದ್ದ ಹುಳುವಿನ ಸಾಧಾರಣ ಚಿತ್ರ. ಅದಕ್ಕಾಗಿ ನಾನು ಯಾವ ಕಡ್ಡಿಯನ್ನೂ ತಿರುಗಿಸಿರಲಿಲ್ಲ. ಲೋಕೋಪಕಾರಕ್ಕೆ ಸಾಲುವಷ್ಟು ಚಿತ್ರ ಹಿಂಸೆಯಿಲ್ಲದೆ ಸಿಕ್ಕುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಬೇಡುವುದು ನಮ್ಮ ಕೀರ್ತಿಕಾಮನೆ. ಚಿಟ್ಟೆ ಕದಲದಿರಲೆಂದು ಅದನ್ನು ಶೀತಲ ಪೆಟ್ಟಿಗೆಯಲ್ಲಿಟ್ಟು ಮಂಕುಗೊಳಿಸುವುದು, ಮರಿಗಳು ಕಾಣಲೆಂದು ಗೂಡಿನ ಮರೆಯ ಎಲೆಗಳನ್ನು ಕತ್ತರಿಸಿ ಬಿಸಿಲಿಗೂ ಕಾಗೆಗೂ ಒಡ್ಡುವುದು, ಇವೆಲ್ಲ ಆ ಕಾಮನೆಯ ಕೆಲಸಗಳೇ.

ಪರಿಗ್ರಹದ ಮಾತೂ ಇಲ್ಲಿ ಪ್ರಸ್ತುತ. ಫಿಲ್ಮಿನ ದಿನಗಳಲ್ಲಿ ಒಂದು ಸುರುಳಿಗೆ 36 ಚಿತ್ರಗಳು. ಮಿತಿ ಹೊರಗಿನಿಂದ ಬರುತ್ತಿತ್ತು. ಇಂದು ಅದನ್ನು ನಾವೇ ಹಾಕಿಕೊಳ್ಳಬೇಕಾಗಿದೆ. ಮೂರ್ಛೆಯೇ ಪರಿಗ್ರಹವೆಂದಮೇಲೆ ಸಾವಿರಾರು ಚಿತ್ರಗಳ ಸಂಗ್ರಹ ತೂಕವಿಲ್ಲದ್ದೆಂಬ ಕಾರಣಕ್ಕೆ ಅಪರಿಗ್ರಹವೆನಿಸದು.

ಹಾಗಾದರೆ ಕ್ಯಾಮೆರಾವನ್ನು ತ್ಯಜಿಸಬೇಕೆ? ನಾನು ತ್ಯಜಿಸಿಲ್ಲ. ನಾನು ಇಲ್ಲಿ ಇಲ್ಲದಿದ್ದರೆ ಈ ಜೀವಿ ಏನು ಮಾಡುತ್ತಿತ್ತೋ ಅದನ್ನೇ ಈಗಲೂ ಮಾಡುತ್ತಿದೆಯೆ ಎಂದು ಕೇಳಿಕೊಳ್ಳುತ್ತೇನೆ. ಇಲ್ಲವೆಂದಾದರೆ ಹಿಂದೆ ಸರಿಯುತ್ತೇನೆ. ಹೆಜ್ಜೆಯಿಡುವ ಮುನ್ನ ನೆಲವನ್ನು ನೋಡುವ ಈರ್ಯಾಸಮಿತಿ ಮುನಿಗಳಿಗೆ ವಿಧಿಸಿದ್ದಾದರೂ, ಮೇಲಿನ ಕೊಂಬೆಯ ಮೇಲೆಯೇ ಕಣ್ಣಿಟ್ಟು ಹುಲ್ಲನ್ನು ತುಳಿಯುವ ಛಾಯಾಗ್ರಾಹಕನಿಗೆ ಅದು ಇನ್ನೂ ಅಗತ್ಯ. ಚಿಟ್ಟೆಯು ಚತುರಿಂದ್ರಿಯ ಜೀವಿ, ಅದಕ್ಕೂ ಕಣ್ಣುಂಟು. ನಾವು ಅದನ್ನು ನೋಡುವಾಗ ಅದೂ ನಮ್ಮನ್ನು ನೋಡುತ್ತಿರುತ್ತದೆ.

ಆ ಮುರಿದ ರೆಕ್ಕೆಯ ಚಿಟ್ಟೆಯ ಚಿತ್ರವನ್ನೂ ನಾನು ತೆಗೆದಿದ್ದೆ. ಬೆಳಕು ಚೆನ್ನಾಗಿಯೇ ಬಿದ್ದಿದೆ. ಅದನ್ನು ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ. ನಿಂಬೆಯ ಗಿಡಕ್ಕೆ ಈ ವರ್ಷವೂ ಹುಳುಗಳು ಬಂದಿವೆ. ಕೋಶ ಕಪ್ಪಾದ ದಿನ ನಾನು ಬರಿಗೈಯಲ್ಲಿ ಹೋಗಿ, ದೂರದಲ್ಲಿ ಕುಳಿತು ನೋಡುತ್ತೇನೆ.